ಹುಳುಮನೆ ಸೇರಿದ ಫೋನು

ನನಗೆ ಸಿಟ್ಟು ಕಡಿಮೆ, ಆಸೆಯೂ ಅಷ್ಟಕ್ಕಷ್ಟೆ ಎಂದು ಬಹಳ ಕಾಲ ನಂಬಿಕೊಂಡಿದ್ದೆ. ಷೇರು ವ್ಯಾಪಾರಕ್ಕೆ ಇಳಿದ ಮೇಲೆ ಮೊದಲು ಆ ನಂಬಿಕೆ ಹೋಯಿತು, ದುಡ್ಡು ಆಮೇಲೆ ಹೋಯಿತು. ಲಾಭ ಬಂದರೆ ಯಾರಾದರೂ ಕಸಿದುಕೊಂಡಾರೆಂದು ಹೆದರಿ ತಕ್ಷಣ ಮಾರುತ್ತೇನೆ. ನಷ್ಟವನ್ನು ಮಾತ್ರ ಮನೆಗೆ ಬಂದ ನೆಂಟರಂತೆ ಹೋಗಗೊಡದೆ ಇರಿಸಿಕೊಳ್ಳುತ್ತೇನೆ. ಬೆಲೆ ಇಷ್ಟಕ್ಕೆ ಇಳಿದರೆ ತಾನಾಗಿ ಮಾರಾಟವಾಗಲಿ ಎಂದು ಮೊದಲೇ ಹಾಕಿಡುವ ಗೆರೆಗೆ ಸ್ಟಾಪ್‌ಲಾಸ್ ಎನ್ನುತ್ತಾರೆ. ಬೆಲೆ ಅದರ ಹತ್ತಿರ ಬಂದಾಗಲೆಲ್ಲ ನಾನು ಗೆರೆಯನ್ನೇ ಇನ್ನಷ್ಟು ಕೆಳಗೆ ಎಳೆದು, ಎದೆ ಹಿಡಿದುಕೊಂಡು ಕಾಯುತ್ತೇನೆ.

ಯಳಂದೂರಿನ ಗೆಳೆಯ ಮಹದೇವನಿಗೂ ಇದೇ ಕಾಯಿಲೆ. ಬೆಳಿಗ್ಗೆ ಗೆರೆ ಹಾಕಿ ಫೋನನ್ನು ಯಾರ ಕೈಗಾದರೂ ಕೊಟ್ಟುಬಿಡು, ಮನಸ್ಸು ಹತೋಟಿಗೆ ಬರುತ್ತದೆ ಎಂದು ಉಪದೇಶ ಮಾಡಿದ. ನಾನು ಹೆಂಡತಿ ನಾಗರತ್ನಳಿಗೆ ಕೊಟ್ಟೆ. ಮಧುವನಹಳ್ಳಿಯ ನಮ್ಮ ಮನೆಯ ಹಿಂದೆ ಅವಳದೊಂದು ರೇಷ್ಮೆ ಹುಳುಮನೆ ಇದೆ. ಫೋನು ಅಲ್ಲಿರುತ್ತಿತ್ತು. ಹೊರಗಿನ ಧೂಳು, ಬೀಡಿ ವಾಸನೆ ಹುಳುವಿಗೆ ಆಗಿಬರುವುದಿಲ್ಲವೆಂದು ನನಗೆ ಒಳಗೆ ಪ್ರವೇಶವಿಲ್ಲ. ಹೀಗೆ ಕೆಲವು ದಿನ ಕೊಳ್ಳೇಗಾಲದ ನನ್ನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಭಾರಿ ಶಿಸ್ತಿನ ಮನುಷ್ಯನಾಗಿ ಕೂತಿದ್ದೆ.

ಒಂದು ದಿನ ಗಿರಾಕಿಗೆ ವೈರು ಅಳೆದು ಕೊಡುತ್ತಿದ್ದಾಗ ತಟ್ಟನೆ ನೆನಪಾಯಿತು. ಬೆಳಿಗ್ಗೆ ಷೇರು ಕೊಂಡಿದ್ದೆ, ಗೆರೆ ಹಾಕುವುದು ಮರೆತಿದ್ದೆ. ಅದೂ ಹುಳುಮನೆಗೆ ಹೊಸ ಶೀಟು ಹೊದಿಸಲೆಂದು ನಾಗರತ್ನ ಕೂಡಿಸಿ ನನ್ನ ಖಾತೆಯಲ್ಲಿ ಇಟ್ಟಿದ್ದ ದುಡ್ಡಿನಲ್ಲಿ, ಅವಳಿಗೆ ತಿಳಿಯದಂತೆ ಕೊಂಡದ್ದು. ಅಂಗಡಿ ಬಾಗಿಲೆಳೆದು ಬೈಕ್ ಹತ್ತಿದೆ. ದಾರಿಯುದ್ದಕ್ಕೂ ಆ ಶೀಟುಗಳು ಒಂದೊಂದಾಗಿ ಹಾರಿಹೋಗುವುದೇ ಕಣ್ಣಿಗೆ ಕಟ್ಟುತ್ತಿತ್ತು.

ಹುಳುಮನೆಯ ಬಾಗಿಲು ಮುಚ್ಚಿತ್ತು. ಹುಳುಗಳು ಜ್ವರಕ್ಕೆ ಕೂತಿದ್ದವು. ಅವು ಪೊರೆ ಬಿಡುವ ಹೊತ್ತಿಗೆ ನಮ್ಮ ಕಡೆ ಜ್ವರ ಎಂದೇ ಹೆಸರು. ಆಗ ಸೊಪ್ಪು ಹಾಕುವುದಿಲ್ಲ, ಅಲ್ಲಾಡಿಸುವುದಿಲ್ಲ, ಹೊರಗಿನವರನ್ನು ಬಿಡುವುದೂ ಇಲ್ಲ. ನಾಗರತ್ನ ಒಳಗೆ ಸುಣ್ಣದ ಪುಡಿ ಉದುರಿಸುತ್ತಿದ್ದಳು. ನೊಣ ಬಾರದಂತೆ ಬಲೆ ಹೊಡೆದ ಕಿಟಕಿಗೆ ಮುಖ ಒತ್ತಿ, ಫೋನು ತೆಗೆದು ಬಣ್ಣ ನೋಡು ಎಂದೆ. ಕೆಂಪು ಎಂದಳು, ಅಂದರೆ ನಷ್ಟ. ಅವಳು ಓದಿದ ಅಂಕಿ ಕೇಳಿದ್ದೇ, ಶೀಟಿನ ದುಡ್ಡಿನ ಸಂಗತಿಯನ್ನೆಲ್ಲ ಕಿಟಕಿಯಲ್ಲೇ ಕಕ್ಕಿದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಾರುವುದಕ್ಕೆ ಎಲ್ಲಿ ಒತ್ತಬೇಕು ಎಂದು ಕೇಳಿದಳು. ಹೇಳಿದ ಮರುಗಳಿಗೆಯೇ ನನ್ನ ಚಾಳಿ ತಲೆಯೆತ್ತಿತು. ಇನ್ನೊಂದು ಗಂಟೆ ತಡಿ, ಖಂಡಿತ ಏರುತ್ತದೆ ಎಂದು ಬಲೆ ಹಿಡಿದು ಗೋಗರೆದೆ.

“ರೋಗದ್ ಉಳ ಕಂಡ್ರೆ ಆಗ್ಲೇ ಆಯ್ದು ಎಸೀತೀನಿ. ವಾಸಿ ಆಯ್ತದೆ ಅಂತ ತಟ್ಟೇಲೇ ಮಡೀಕಂಡ್ರೆ ಮಿಕ್ಕವೂ ಓಯ್ತವೆ ಕಣ್ರಿ” ಎಂದು ಒತ್ತಿಯೇಬಿಟ್ಟಳು.

ಶೀಟಿನ ದುಡ್ಡು ಮುಕ್ಕಾಲು ಪಾಲು ಉಳಿಯಿತು. ಇನ್ನು ಮೇಲೆ ಆ ಷೇರಿನ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟು, ತಲೆ ತಗ್ಗಿಸಿ ಅಂಗಡಿಗೆ ಮರಳಿದೆ. ಆದರೆ ಸಂಜೆ ಮನೆಗೆ ಬಂದಾಗ ಬಾಯಿ ಸುಮ್ಮನಿರಲಿಲ್ಲ. ಮಧ್ಯಾಹ್ನದ ಮೇಲೆ ಅದೇ ಷೇರು ಏರಿತು, ನಿನ್ನ ಆತುರದಿಂದ ಕೆಟ್ಟೆವು ಎಂದು ಗೆದ್ದವನಂತೆ ಹೇಳಿದೆ. ನಾಗರತ್ನ ಕೈ ಒರೆಸಿಕೊಂಡು ನನ್ನನ್ನೇ ನೋಡಿದಳು.

“ಫೋನು ಬೆಳಿಗ್ಗಿಂದ ನನ್ ತಾವೇ ಅದೆ. ಏರ್ತು ಅಂತ ನಿಮ್ಗ್ ಯಾರ್ ಏಳುದ್ರು?”

ಪಕ್ಕದ ಅಂಗಡಿಯ ಟೈಲರನ್ನು ಕಾಡಿ ಬೇಡಿ, ಅವನ ಫೋನಿನಲ್ಲೇ ಮಾರುಕಟ್ಟೆ ಮುಚ್ಚುವವರೆಗೆ ಬೆಲೆ ನೋಡುತ್ತಿದ್ದೆ ಎಂಬುದನ್ನು ನುಂಗಿಕೊಂಡು, ಹುಳುಗಳ ಜ್ವರ ಬಿಟ್ಟಿತೇ ಎಂದು ಕೇಳಿದೆ. ಸುಮ್ಮನೆ ನೋಡುವುದೇಕೆಂದು ಅವನಿಗೂ ಒಂದು ಷೇರು ಖಾತೆಗೆ ಅರ್ಜಿ ಹಾಕಿಸಿದ್ದೆ.