ಬಾಕಿ ಉಳಿದ ಓಬಮ್ಮ

ಮದುವೆ ಪತ್ರಿಕೆಯಲ್ಲಿ ‘ಸಕುಟುಂಬ ಸಪರಿವಾರ ಬನ್ನಿ’ ಎಂದು ಅಚ್ಚು ಹಾಕಿಸುವವರು ಒಬ್ಬರು, ಒಲೆ ಮುಂದೆ ಸೌಟು ಹಿಡಿದು ನಿಲ್ಲುವವರು ಇನ್ನೊಬ್ಬರು. ‘ಎಲ್ಲರಿಗೂ’ ಎಂಬ ಪದದಷ್ಟು ಬರೆಯಲು ಸುಲಭವಾದದ್ದು, ಬಡಿಸಲು ಕಷ್ಟವಾದದ್ದು ಕನ್ನಡದಲ್ಲಿ ಬೇರೊಂದಿಲ್ಲ ಎಂದು ನನ್ನ ನಂಬಿಕೆ. ಎಲ್ಲರಿಗೂ ಉಚಿತ ಚಿಕಿತ್ಸೆ, ಮೂವತ್ತು ದಾಟಿದ ಎಲ್ಲರಿಗೂ ಬಿಪಿ ಮತ್ತು ಸಕ್ಕರೆ ತಪಾಸಣೆ, ಎಲ್ಲರಿಗೂ ತಿಂಗಳು ತಿಂಗಳು ಮಾತ್ರೆ ಎಂಬ ಆದೇಶ ಬಂದ ದಿನ ನಾನು ಸೌಟು ಹಿಡಿದವರ ಸಾಲಿನಲ್ಲಿದ್ದೆ. ಅಂದರೆ ನಾನು ನರ್ಸು. ಈಗ ನಮಗೆ ಶುಶ್ರೂಷಾಧಿಕಾರಿ ಎಂಬ ಹೆಸರು ಬಂದಿದೆ. ಅದರಲ್ಲಿ ಅಧಿಕಾರ ಬೋರ್ಡಿನ ಮೇಲಿದೆ, ಶುಶ್ರೂಷೆ ನನ್ನ ತಲೆ ಮೇಲಿದೆ.

ನಮ್ಮ ಮನೆ ಚಳ್ಳಕೆರೆಯಲ್ಲಿ. ನಾಯಕನಹಟ್ಟಿ ಬಸ್ಸು ಹತ್ತಿ ನಡುದಾರಿಯಲ್ಲಿ ಇಳಿದರೆ ನಮ್ಮ ಆರೋಗ್ಯ ಕೇಂದ್ರ. ಅಲ್ಲಿ ನರ್ಸುಗಳಿಗೆಂದು ಮೂರು ಕುರ್ಚಿಗಳಿವೆ, ಕೂರುವವಳು ನಾನೊಬ್ಬಳೇ. ಡಾಕ್ಟರಿಗೆ ಎರಡು ಕೇಂದ್ರ, ಆದ್ದರಿಂದ ನಮಗೆ ಅವರು ಅರ್ಧ. ಮೊದಲೆಲ್ಲ ಕಾಯಿಲೆಯವರು ಮಾತ್ರ ಬರುತ್ತಿದ್ದರು. ಎಲ್ಲರಿಗೂ ಎಂದ ಮೇಲೆ ಆರೋಗ್ಯವಂತರೂ ಬರತೊಡಗಿದರು, ತಮಗೆ ಏನೂ ಇಲ್ಲ ಎಂದು ನನ್ನ ಬಾಯಿಂದ ಕೇಳಿಕೊಂಡು ಹೋಗಲಿಕ್ಕೆ. ನಿಮಗೆ ಗೊತ್ತಿರಲಿ, ಕಾಯಿಲೆಯವರು ಸುಲಭ. ಅವರಿಗೆ ಮಾತಾಡುವ ತ್ರಾಣವಿರುವುದಿಲ್ಲ. ಆರೋಗ್ಯವಂತರು ಕೂತರೆ ಏಳುವುದಿಲ್ಲ. ಒಬ್ಬರಿಗೆ ಬಿಟ್ಟಿ ಮಾತ್ರೆ ಕೆಲಸ ಮಾಡುವುದಿಲ್ಲ ಎಂಬ ಅನುಮಾನ, ಇನ್ನೊಬ್ಬರಿಗೆ ಸೂಜಿ ಚುಚ್ಚದೆ ಕಳಿಸಿದರೆ ಅವಮಾನ. ಎಣ್ಣೆ ಮಿಲ್ಲು, ಜಮೀನು ಎರಡೂ ಇರುವ ರುದ್ರಪ್ಪನವರು ಕಾರಿನಲ್ಲಿ ಬಂದಿಳಿದು, “ಎಲ್ಲರಿಗೂ ಅಂದ್ರೆ ನಮಗೂ ತಾನೆ ಸಿಸ್ಟರ್?” ಎಂದರು. ಹೌದು ಸಾರ್ ಎಂದೆ. “ಮತ್ತೆ ನಮ್ಮಂಥೋರಿಗೆ ಬೇರೆ ಸಾಲು ಎಲ್ಲೈತೆ?” ಎಂದರು. “ಹಿಂದೈತೆ ಸಾರ್, ಆ ಅಜ್ಜಿ ಹಿಂದೆ” ಎಂದೆ. ಅವರು ನಿಂತರು ಎನ್ನುವುದು ಅವರ ದೊಡ್ಡತನ. ನಿಂತಷ್ಟು ಹೊತ್ತೂ ಗಡಿಯಾರ ನೋಡುತ್ತಿದ್ದರು ಎನ್ನುವುದೂ ನಿಜ.

ಇದನ್ನೆಲ್ಲ ಮನೆಯಲ್ಲಿ ಹೇಳಿಕೊಂಡರೆ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ, “ಎಲ್ಲರಿಗೂ ಅಂದ್ರೆ ಅದರೊಳಗೆ ನೀನೂ ಬರ್ತೀಯಾ, ಇಲ್ಲಾ ಎಲ್ಲರನ್ನೂ ಕಳೆದು ಉಳಿಯೋ ಶೇಷವಾ?” ಎಂದು ಕೇಳಿದರು. ಆ ದಿನ ಸಾರಿಗೆ ಉಪ್ಪು ಸ್ವಲ್ಪ ಜಾಸ್ತಿ ಬಿತ್ತು. ಅವರಿಗೆ ಬಿಪಿ ಇಲ್ಲ, ನೋಡಿಯೇ ಹಾಕಿದ್ದೆ.

ಇಷ್ಟಾದರೂ ತಡೆದುಕೊಳ್ಳಬಹುದಿತ್ತು. ಆದರೆ ನಮಗೊಂದು ಟ್ಯಾಬ್ ಕೊಟ್ಟರು. ಊರಿನಲ್ಲಿ ಮೂವತ್ತು ದಾಟಿದ ಪ್ರತಿಯೊಬ್ಬರ ಹೆಸರೂ ಅದರೊಳಗಿದೆ. ತಪಾಸಣೆ ಆದರೆ ಹೆಸರು ಹಸಿರಾಗುತ್ತದೆ, ಆಗದಿದ್ದರೆ ಕೆಂಪಗೆ ಇರುತ್ತದೆ. ಎರಡು ತಿಂಗಳು ಬಿಸಿಲಲ್ಲಿ ತಿರುಗಿ ನಾನು ಮತ್ತು ನಮ್ಮ ಆಶಾ ಕಾರ್ಯಕರ್ತೆ ರತ್ನಮ್ಮ ಸೇರಿ ಇಡೀ ಊರನ್ನು ಹಸಿರು ಮಾಡಿದೆವು. ಕೊನೆಗೆ ಒಂದೇ ಒಂದು ಹೆಸರು ಕೆಂಪಗೆ ಉಳಿಯಿತು: ಓಬಮ್ಮ, ಗಂಡ ಪಾಲಯ್ಯ, ವಯಸ್ಸು ಅರವತ್ತು. ವಾರಕ್ಕೊಮ್ಮೆ ನಡೆಯುವ ವೀಡಿಯೊ ಮೀಟಿಂಗಿನಲ್ಲಿ ಜಿಲ್ಲಾ ಆರೋಗ್ಯ ಇಲಾಖೆಯ ಸಾಹೇಬರು ನಾನು ಮಾಡಿದ ನೂರಾರು ಹಸಿರಿನ ಬಗ್ಗೆ ಒಂದು ಮಾತೂ ಆಡದೆ, “ಸಿಸ್ಟರ್, ಬಾಕಿ ಒಂದು ಯಾಕೆ?” ಎನ್ನುತ್ತಿದ್ದರು. ಮುಂದಿನ ವಾರವೂ ಅದೇ, ಅದರ ಮುಂದಿನ ವಾರವೂ ಅದೇ. ಊಟಕ್ಕೆ ಕೂತರೂ ನನಗೆ ತಟ್ಟೆಯಲ್ಲಿ ಓಬಮ್ಮ ಕಾಣಿಸತೊಡಗಿದಳು.

ನಾಲ್ಕು ಸಲ ಅವಳ ಮನೆಗೆ ಹೋದೆ. ನಾಲ್ಕು ಸಲವೂ ಪಾಲಯ್ಯ ಜಗಲಿಯ ಮೇಲೆ ಕೂತು, “ಕುರಿ ಹಿಂದೆ ಹೋಗ್ಯಾಳೆ” ಎಂದ. ಯಾವಾಗ ಬರುತ್ತಾಳೆ ಎಂದರೆ, “ಕುರಿ ಬಂದಾಗ” ಎಂದ. ಐದನೆಯ ಸಲ ಜಗಲಿಯೂ ಖಾಲಿ. ಅವನು ಮೊಳಕಾಲ್ಮುರಿನ ಮಗಳ ಮನೆಗೆ ಹೋಗಿದ್ದ. ನನಗೆ ತಲೆ ಕೆಟ್ಟಿತು. “ನಡಿ ರತ್ನಾ, ಇವತ್ತು ಕುರಿ ಮೇಯೋ ಕಾವಲಿಗೇ ಹೋಗೋಣ” ಎಂದು ಅವಳ ಸ್ಕೂಟಿ ಹಿಂದೆ ಕೂತೆ. ನನಗೆ ಸ್ಕೂಟಿ ಬಿಡಲು ಬರುವುದಿಲ್ಲ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದಿನ ಅನಾಹುತಕ್ಕೆಲ್ಲ ಅದೇ ಕಾರಣ.

ವರವು ಕಾವಲು ಎಂಬ ಹುಲ್ಲುಗಾವಲಿನಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳು ಗೋಡೆ ಹಾಕಿಕೊಂಡದ್ದು ಹೋಗಿ ಉಳಿದ ಹುಲ್ಲಿನಲ್ಲಿ ಈಗ ಕುರಿಗಳು ಮೇಯುತ್ತವೆ. ಡಾಂಬರು ರಸ್ತೆಯಿಂದ ಒಳಗೆ ಬಹಳ ದೂರ ಗಾಡಿ ಜಾಡಿನಲ್ಲಿ ಕುಲುಕಿಸಿಕೊಂಡು ಹೋದ ಮೇಲೆ ಒಂದು ಜಾಲಿ ಮರದ ಕೆಳಗೆ ಕೋಲಿಗೆ ಗದ್ದ ಊರಿ ನಿಂತ ಓಬಮ್ಮ ಸಿಕ್ಕಳು. ನನ್ನ ಬಿಳಿ ಕೋಟು ಕಂಡದ್ದೇ, “ನಾಕೇಮೀ ಲೇದು, ಪೋ!” ಎಂದು ಕೋಲೆತ್ತಿದಳು. ಸಿಟ್ಟು ಬಂದರೆ ಅವಳಿಗೆ ತೆಲುಗು ಬರುತ್ತದೆ. ತನಗೇನೂ ಆಗಿಲ್ಲ, ನೀನು ಹೋಗು ಎಂದರ್ಥ. ಸಮಾಧಾನವಾದ ಮೇಲೆ ಕನ್ನಡಕ್ಕೆ ಇಳಿದಳು. “ನಾಕು ಮಕ್ಕಳನ್ನ ಹೆತ್ತೀನಿ, ನಾಕನ್ನೂ ಮನೇಲೇ. ಆಸ್ಪತ್ರಿ ಮೆಟ್ಲು ತುಳಿದೋಳಲ್ಲ ನಾನು. ನಂಗೇನಾಗೈತೆ ಅಂತ ಕೈ ಕೊಡ್ಲಿ?”

ಮೂವತ್ತು ವರ್ಷದ ಸರ್ವಿಸಿನಲ್ಲಿ ರೋಗಿಗೆ ಹೇಗೆ ತಿಳಿಹೇಳಬೇಕು ಎಂಬ ತರಬೇತಿ ನನಗೆ ಎಷ್ಟೋ ಸಲ ಸಿಕ್ಕಿದೆ. ಅದೊಂದೂ ಆಗ ನೆನಪಿಗೆ ಬರಲಿಲ್ಲ. “ನಿಂಗೇನೂ ಆಗಿಲ್ಲಮ್ಮಾ, ನಂಗಾಗೈತೆ!” ಎಂದು ಕೂಗಿದೆ. “ಈ ಡಬ್ಬಿಯೊಳಗೆ ನಿನ್ನ ಹೆಸ್ರು ಕೆಂಪಗೆ ಕೂತೈತೆ. ವಾರ ವಾರ ನನ್ನ ಮಾನ ಹೋಗ್ತೈತೆ. ನಿನ್ನ ಜೀವಕ್ಕಾಗಿ ಕೊಡಬೇಡ, ನನ್ನ ಮಾನಕ್ಕಾಗಿ ಕೈ ಕೊಡು!” ಓಬಮ್ಮ ಕೋಲು ಇಳಿಸಿದಳು. ನನ್ನ ಬೆವರಿದ ಮುಖವನ್ನು ಒಂದು ಗಳಿಗೆ ನೋಡಿ, “ಅಯ್ಯೋ ಯವ್ವಾ, ನಿನ್ನ ಹೊಡೀತಾರಾ?” ಎಂದು ಕೇಳಿದಳು. “ಹೊಡೆಯಲ್ಲ, ಎಲ್ಲರ ಮುಂದೆ ಕೇಳ್ತಾರೆ” ಎಂದೆ. “ಅದಿನ್ನೂ ಕೆಟ್ಟದ್ದು. ತಗಾ” ಎಂದು ಕೂತು ಕೈ ಚಾಚಿದಳು.

ತೋಳಿಗೆ ಬಿಪಿ ಪಟ್ಟಿ ಸುತ್ತಿ ನೋಡಿದೆ. ಮಿಷನ್ ಕೆಟ್ಟಿದೆ ಎಂದುಕೊಂಡೆ. ಐದು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ನೋಡಿದೆ. ಮೇಲಿನದು ಇನ್ನೂರ ಹತ್ತು, ಕೆಳಗಿನದು ನೂರಿಪ್ಪತ್ತು. ನನ್ನ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ತಲೆನೋವಿದೆಯಾ ಎಂದೆ. “ಎರಡು ವಾರದಿಂದ ಒಡೀತೈತೆ. ಬಿಸ್ಲು ಅಂತ ಸುಮ್ಕಿದ್ದೆ” ಎಂದಳು. ಎಡಗೈ ಮುಂಜಾನೆಯಿಂದ ಜೋಮು ಹಿಡಿದಂತಿದೆಯಂತೆ. ಫೋನಿನಲ್ಲಿ ಡಾಕ್ಟರಿಗೆ ಹೇಳಿದರೆ, “ಒಂದು ಗಳಿಗೇನೂ ಇಟ್ಕೋಬೇಡಿ, ಚಳ್ಳಕೆರೆಗೆ ಕಳಿಸಿ” ಎಂದರು. ಹೆಸರು ಹಸಿರಾಗಲಿ ಎಂದು ಬಂದವಳು ನಾನು. ಇನ್ನೊಂದು ವಾರ ನನಗೆ ಇಷ್ಟು ಸಿಟ್ಟು ಬಾರದೆ ಹೋಗಿದ್ದರೆ ಏನಾಗುತ್ತಿತ್ತೋ.

ಆಂಬುಲೆನ್ಸ್ ಡಾಂಬರು ರಸ್ತೆಯವರೆಗೆ ಮಾತ್ರ ಬರುತ್ತದೆ. ಅಲ್ಲಿಯವರೆಗೆ ಸ್ಕೂಟಿ. ಓಬಮ್ಮ ಮಾತ್ರ ಕೂತಲ್ಲಿಂದ ಏಳಲಿಲ್ಲ. “ಕುರಿ?” ಎಂದಳು. ಜೀವಕ್ಕಿಂತ ಕುರಿ ಹೆಚ್ಚಾ ಎಂದು ರತ್ನಮ್ಮ ಗದರಿದಳು. “ನಿನಗೆ ಜೀವ ಒಂದೈತೆ, ನನಗೆ ಐವತ್ತಾರು ಅವೆ” ಎಂದಳು ಓಬಮ್ಮ. ಹಟ್ಟಿಗೆ ಫೋನು ಮಾಡಿದರೆ ಯಾರಾದರೂ ನಡೆದು ಬರುವುದಕ್ಕೆ ಮೂರು ತಾಸು ಬೇಕು. ಸ್ಕೂಟಿ ಬಿಡುವವಳು ರತ್ನಮ್ಮ, ಹಿಂದೆ ಕೂರಬೇಕಾದವಳು ಓಬಮ್ಮ. ಗಣಿತ ಮೇಷ್ಟರ ಹೆಂಡತಿಯಾಗಿದ್ದಕ್ಕೆ ಉಳಿದ ಶೇಷ ಯಾರೆಂದು ಬೇಗ ತಿಳಿಯಿತು. “ಹಟ್ಟಿಯೋರು ಬರೋತನಕ ನಾನು ನೋಡ್ಕೋತೀನಿ, ಹೋಗು” ಎಂದೆ. ಓಬಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಹಳ ಅನುಮಾನದಿಂದ ಕೋಲನ್ನು ನನ್ನ ಕೈಗಿಟ್ಟಳು. ಸೇವೆಗೆ ಸೇರಿದ ದಿನವೂ ಯಾರೂ ನನ್ನನ್ನು ಅಷ್ಟು ಕಟ್ಟುನಿಟ್ಟಾಗಿ ಪರೀಕ್ಷಿಸಿರಲಿಲ್ಲ.

ಕುರಿಗಳೆಂದರೆ ಬಹಳ ಸಾಧು ಎಂದು ನೀವು ಕೇಳಿರಬಹುದು. ಅದನ್ನು ಹೇಳಿದವರು ದೂರದಿಂದ ನೋಡಿದವರು. ಸ್ಕೂಟಿಯ ಸದ್ದು ಅಡಗುವ ಮುಂಚೆಯೇ ಅವು ಒಮ್ಮೆ ನನ್ನ ಮುಖ ನೋಡಿದವು, ಒಡತಿಯಲ್ಲ ಎಂದು ಖಾತ್ರಿ ಮಾಡಿಕೊಂಡವು, ಒಟ್ಟಿಗೆ ಎಡಕ್ಕೆ ತಿರುಗಿ ಓಡಿದವು. ಹಿಂದೆ ಓಡುತ್ತ ನನ್ನ ಬಾಯಿಂದ ಬಂದದ್ದು, “ನೂಕಬೇಡಿ! ಒಬ್ಬೊಬ್ಬರೇ ಹೋಗಿ!” ರೋಗಿಗಳ ಹಾಗೆಯೇ ಅವೂ ಕೇಳಲಿಲ್ಲ. ಕಾವಲಿನ ಅಂಚಿನಲ್ಲಿ ಹಸಿರಾಗಿ ನಳನಳಿಸುತ್ತಿದ್ದ ಶೇಂಗಾ ಹೊಲಕ್ಕೆ ನುಗ್ಗಿದವು. ಹೊಲದಾಚೆಯಿಂದ, “ಯಾವಳ್ಲೇ ಅವಳು! ಕಣ್ಣಿಲ್ವಾ?” ಎಂದು ಅಬ್ಬರಿಸುತ್ತ ಬಂದವರು ಬೇರೆ ಯಾರೂ ಅಲ್ಲ, ರುದ್ರಪ್ಪನವರು. ಹತ್ತಿರ ಬಂದು ಬಿಳಿ ಕೋಟು, ಕೋಲು, ನನ್ನ ಮುಖ ಮೂರನ್ನೂ ಸೇರಿಸಿ ನೋಡಿ ಗಾಬರಿಯಾದರು. “ಸಿಸ್ಟರ್! ಏನಿದು, ಸಂಬಳ ಸಾಲ್ತಿಲ್ವಾ?” ಎಂದರು.

ವಿಷಯ ಹೇಳಿದೆ. ಅವರು ಪಾಪ, ಪಂಚೆ ಎತ್ತಿ ಕಟ್ಟಿ, ನನ್ನ ಜೊತೆ ಸೇರಿ ಕುರಿಗಳನ್ನು ಹೊಲದಿಂದ ಹೊರಗೆ ಅಟ್ಟಿದರು. ಅಷ್ಟರಲ್ಲಿ ಅವು ಹೊಟ್ಟೆ ತುಂಬ ಶೇಂಗಾ ಬಳ್ಳಿ ಮೇದಾಗಿತ್ತು. ಇಬ್ಬರೂ ಏದುಸಿರು ಬಿಡುತ್ತ ಬದುವಿನ ಮೇಲೆ ಕೂತಾಗ ರುದ್ರಪ್ಪನವರ ಕಣ್ಣು ನನ್ನ ಚೀಲದ ಮೇಲೆ ಬಿತ್ತು. “ಹೆಂಗೂ ಮಿಷನ್ ತಂದಿದ್ದೀರಿ. ನಂದೂ ಒಂದ್ಸಲ ನೋಡ್ರಿ. ಇಲ್ಲಿ ಸಾಲು ಇಲ್ಲ” ಎಂದರು. ನೋಡಿದೆ. ನಮ್ಮ ದೇಶದಲ್ಲಿ ಎಲ್ಲರಿಗೂ ಆರೋಗ್ಯ ಎನ್ನುವುದು ಪೂರ್ತಿ ಜಾರಿಯಾದದ್ದನ್ನು ನಾನು ಕಂಡದ್ದು ಆ ಬದುವಿನ ಮೇಲೆ ಒಮ್ಮೆ ಮಾತ್ರ.

ಅಷ್ಟು ಹೊತ್ತಿಗೆ ಫೋನು ರಿಂಗಾಯಿತು. ವೀಡಿಯೊ ಮೀಟಿಂಗು! ಕೇಂದ್ರದಲ್ಲಿ ಕಿಟಕಿಗೆ ನೇತುಬಿದ್ದರೂ ಸಿಗದ ಸಿಗ್ನಲ್ಲು ಕಾವಲಿನಲ್ಲಿ ತುಂಬಿ ತುಳುಕುತ್ತಿತ್ತು. ಸಾಹೇಬರು ಕಣ್ಣು ಕಿರಿದು ಮಾಡಿ, “ಸಿಸ್ಟರ್, ನಿಮ್ಮ ಹಿಂದೆ ಏನದು?” ಎಂದರು.

“ಕುರಿ ಸಾರ್.”

“ಕುರಿ ಯಾಕೆ?”

“ಬಾಕಿ ಒಂದು ಇತ್ತಲ್ಲ ಸಾರ್, ಅದು ಮುಗೀತು. ಇವು ಅದರ ಕುರಿ.”

ಸಾಹೇಬರು, “ಹಾಗಾದ್ರೆ ಕೇಂದ್ರದಲ್ಲಿ ಯಾರಿದ್ದಾರೆ?” ಎಂದರು. “ಮೂರು ಕುರ್ಚಿ ಇವೆ ಸಾರ್” ಎಂದೆ. ವ್ಯಂಗ್ಯಕ್ಕೆ ಹೇಳಿದ್ದಲ್ಲ, ಓಡಿದ ದಣಿವಿಗೆ ಬಾಯಿ ತಪ್ಪಿ ಬಂತು. ಮೀಟಿಂಗಿನಲ್ಲಿದ್ದ ಅಷ್ಟೂ ನರ್ಸುಗಳು ಒಟ್ಟಿಗೆ ಕೆಮ್ಮಿದರು. ಎಲ್ಲರಿಗೂ ಆರೋಗ್ಯ ಬೇಡ ಎಂದವರು ನಮ್ಮಲ್ಲಿ ಯಾರೂ ಇಲ್ಲ. ಆ ಕುರ್ಚಿಗಳಿಗೂ ಯಾರನ್ನಾದರೂ ಕಳಿಸಿ ಎನ್ನುತ್ತೇವೆ, ಅಷ್ಟೇ.

ಸಾಹೇಬರು ಒಳ್ಳೆಯವರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಂದಿನ ವಾರ ಎಲ್ಲರೆದುರು ನನ್ನನ್ನು ಹೊಗಳಿ, “ಹೀಗೆ ಜನರ ಕೆಲಸದ ಜಾಗಕ್ಕೇ ಹೋಗಿ, ಅಗತ್ಯ ಬಿದ್ದರೆ ಅವರ ಕೆಲಸಕ್ಕೂ ಕೈ ಜೋಡಿಸಿ” ಎಂದುಬಿಟ್ಟರು. ಮೀಟಿಂಗು ಮುಗಿಯುತ್ತಲೇ ಮೊಳಕಾಲ್ಮುರು ಕಡೆಯಿಂದ ಹೇಮಾ ಎಂಬ ಚಿಕ್ಕ ವಯಸ್ಸಿನ ನರ್ಸು ಫೋನು ಮಾಡಿದಳು. “ಅಕ್ಕಾ, ನಿಮಗೆ ಪುಣ್ಯ ಬರ್ಲಿ. ನಮ್ಮ ಕಡೆ ಎಲ್ಲಾ ಮಗ್ಗದೋರು. ಬಿಪಿ ತೋರ್ಸಾಕೆ ಬರ್ರಿ ಅಂದ್ರೆ, ಅಷ್ಟೊತ್ತು ನೀವು ಸೀರೆ ನೇಯ್ತೀರಾ ಅಂತಾರೆ. ರೇಷ್ಮೆ ಎಳೆ ಹರಿದ್ರೆ ನಾನು ಎಲ್ಲಿಂದ ಹೊಲಿಗೆ ಹಾಕ್ಲಿ?” ಎಂದಳು. ಆ ವಾರ ಇನ್ನೂ ನಾಲ್ಕು ಜನ ನನಗೆ ಪುಣ್ಯ ಬರಲೆಂದು ಹರಸಿದರು, ಎಲ್ಲರೂ ಅದೇ ದನಿಯಲ್ಲಿ.

ಓಬಮ್ಮ ಎರಡು ದಿನ ಆಸ್ಪತ್ರೆಯಲ್ಲಿದ್ದು, ಕೈ ಸರಿಹೋಗಿ, ಮಾತ್ರೆ ಕಟ್ಟಿಸಿಕೊಂಡು ಮನೆಗೆ ಹೋದಳು. ಇಂಥವರು ಮಾತ್ರೆ ತೆಗೆದುಕೊಳ್ಳುವುದಿಲ್ಲ ಎನ್ನುವುದು ನನ್ನ ಅನುಭವ. ತಲೆನೋವು ನಿಂತ ದಿನವೇ ಮಾತ್ರೆಯೂ ನಿಲ್ಲುತ್ತದೆ. ಒಂದು ತಿಂಗಳು ಕಳೆದ ಮೇಲೆ, ಸೋಮವಾರದ ಗದ್ದಲದ ನಡುವೆ, ಅವಳೇ ನಡೆದುಕೊಂಡು ಕೇಂದ್ರಕ್ಕೆ ಬಂದಳು. ಬಿಪಿ ನೋಡಿದರೆ ನೂರ ಮೂವತ್ತು, ಎಂಬತ್ತು. ಸೆರಗಿನ ಗಂಟು ಬಿಚ್ಚಿ ಖಾಲಿ ಮಾತ್ರೆ ಹಾಳೆಗಳನ್ನು ಮೇಜಿನ ಮೇಲಿಟ್ಟಳು. ಒಂದು ದಿನವೂ ತಪ್ಪಿರಲಿಲ್ಲ. ನನಗೆ ಹೆಮ್ಮೆ ತಡೆಯಲಾಗಲಿಲ್ಲ. ಸಾಲಿನಲ್ಲಿದ್ದವರೆಲ್ಲ ಕೇಳಲಿ ಎಂದು ದನಿ ಎತ್ತರಿಸಿ, “ನೋಡ್ರಪ್ಪಾ, ಹಿಂಗಿರ್ಬೇಕು. ಹೇಳು ಓಬಮ್ಮಾ, ದಿನಾ ತಪ್ಪದೆ ಮಾತ್ರೆ ತಗೊಂಡಿದ್ದು ಯಾಕೆ?” ಎಂದೆ.

“ಏನ್ಮಾಡ್ಲಿ ಸಿಸ್ಟ್ರಮ್ಮಾ,” ಎಂದಳು ಓಬಮ್ಮ, ನನ್ನಷ್ಟೇ ಎತ್ತರದ ದನಿಯಲ್ಲಿ. “ನೀನು ಕಾದ ದಿನ ಮೇದಿದ್ದಕ್ಕೆ ಮೂರು ದಿನ ಕುರಿ ಹೊಟ್ಟೆ ಉಬ್ಬರಿಸ್ಕಂಡು ಬಿದ್ದಿದ್ವು. ನಾನು ಮಾತ್ರೆ ಬಿಟ್ಟು ಮತ್ತೆ ಮಲಗಿದ್ರೆ ನೀನು ಮತ್ತೆ ಕುರಿ ಕಾಯಾಕೆ ಬತ್ತೀಯಲ್ಲ, ಆ ಭಯಕ್ಕೆ.”

ಸಾಲಿಗೆ ಸಾಲೇ ನಕ್ಕಿತು. ನಾನು ಟ್ಯಾಬಿನೊಳಗೆ ತಲೆ ಹುದುಗಿಸಿದೆ. ಓಬಮ್ಮನ ಹೆಸರಿನ ಕೆಳಗೆ ಒಂದು ಪ್ರಶ್ನೆಯಿತ್ತು: ‘ರೋಗಿಯು ನಿಯಮಿತವಾಗಿ ಔಷಧಿ ಸೇವಿಸಲು ಶುಶ್ರೂಷಾಧಿಕಾರಿಯ ಪ್ರೇರಣೆ ಕಾರಣವೇ?’ ನಾನು ಯಾರ ಮುಖವನ್ನೂ ನೋಡದೆ ‘ಹೌದು’ ಎಂಬುದರ ಮೇಲೆ ಬೆರಳೊತ್ತಿದೆ.