ಸದ್ದು ಮಾಡಿದವರಿಗೇ ದೊಡ್ಡ ಮುಖ ಕೊಡುವ ಕಂಪ್ಯೂಟರ್ ಅವರಿಗೆ

ಗೆ,
ಶ್ರೀ ಕಂಪ್ಯೂಟರ್ ಅವರು,
ಕಿಟಕಿ ಪಕ್ಕದ ಮೇಜು, ನಡುಮನೆ,
ಉಚ್ಚೆಂಗಮ್ಮನವರ ಮನೆ, ಸಂಡೂರು.

ಮಾನ್ಯರೂ ಮಿತಭಾಷಿಗಳೂ, ಕರೆಂಟು ಇರುವ ತನಕ ಬೇಸರವೆಂಬುದನ್ನೇ ಅರಿಯದವರೂ ಆದ ತಮ್ಮ ಸನ್ನಿಧಾನಕ್ಕೆ, ಅದೇ ಮನೆಯ ಅಡುಗೆಕೋಣೆಯಿಂದ ಸುಕನ್ಯಾ ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ತಾವೂ ಕ್ಷೇಮವೆಂದು ತಮ್ಮ ಹಣೆಯ ನೀಲಿ ದೀಪದಿಂದ ತಿಳಿದು ಸಂತೋಷವಾಯಿತು. ನಾನು ದೋಣಿಮಲೈ ಕಡೆಯ ಒಂದು ಶಾಲೆಯಲ್ಲಿ ಕನ್ನಡ ಪಾಠ ಹೇಳುವವಳು. ದೂರು ಪತ್ರ ಬರೆಯುವುದನ್ನು ವರ್ಷ ವರ್ಷವೂ ಮಕ್ಕಳಿಗೆ ಕಲಿಸುತ್ತೇನೆ. ನಲ್ಲಿಯಲ್ಲಿ ನೀರು ಬರದಿದ್ದರೆ ಪುರಸಭೆಗೆ, ಬಸ್ಸು ನಿಲ್ಲಿಸದಿದ್ದರೆ ಡಿಪೋ ಮ್ಯಾನೇಜರಿಗೆ ಬರೆಯಬೇಕೆಂದು ಪಾಠದಲ್ಲಿದೆಯೇ ಹೊರತು, ನಮ್ಮದೇ ನಡುಮನೆಯಲ್ಲಿ ಕೂತಿರುವವರಿಗೆ ಹೇಗೆ ಬರೆಯಬೇಕೆಂದು ಎಲ್ಲಿಯೂ ಹೇಳಿಲ್ಲ. ಆದ್ದರಿಂದ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ತಮಗೆ ಹೊಟ್ಟೆ ಇದೆಯೆಂದೂ ಅದರೊಳಗೊಂದು ಫ್ಯಾನ್ ಇದೆಯೆಂದೂ ಅಂಗಡಿಯವರು ಬಿಚ್ಚಿ ತೋರಿಸಿದ್ದಾರೆ.

ತಮ್ಮನ್ನು ಈ ಮನೆಗೆ ಯಾಕೆ ಬರಮಾಡಿಕೊಂಡೆವೆಂಬುದನ್ನು ಯಾರೂ ತಮಗೆ ತಿಳಿಸಿದಂತಿಲ್ಲ. ನಮ್ಮವ್ವ ಉಚ್ಚೆಂಗಮ್ಮ ಮತ್ತು ಅವಳ ಗೆಳತಿಯರಾದ ಪಕೀರಮ್ಮ, ಬಸಕ್ಕ, ಈ ಮೂವರೂ ಹರೆಯದಲ್ಲಿ ಸಂಡೂರಿನ ಗುಡ್ಡದ ಬುಡದ ಒಂದು ಅದಿರು ಕ್ರಷರಿನಲ್ಲಿ ಪುಟ್ಟಿ ಹೊತ್ತವರು. ಕ್ರಷರು ಕಲ್ಲು ಅಗಿಯಲು ಶುರು ಮಾಡಿತೆಂದರೆ ಪಕ್ಕದವಳ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುವುದಿಲ್ಲ. ಹಾಗೆಂದು ಬೆಳಗಿನಿಂದ ಸಂಜೆಯವರೆಗೆ ಬಾಯಿ ಹೊಲಿದುಕೊಂಡಿರಲು ಅವರೇನು ಮಣ್ಣಿನ ಬೊಂಬೆಗಳೇ? ದನಿ ತೆಗೆಯದೆ ಬರೀ ತುಟಿ ಆಡಿಸಿ, ಜೊತೆಗೆ ಕಣ್ಣು ಕೈ ಕೂಡಿಸಿ ಮಾತಾಡುವುದನ್ನು ಆ ಹೆಂಗಸರು ತಾವೇ ಕಲಿತರು. ಅತ್ತೆಯ ಕಾಟ, ಗಂಡನ ಕುಡಿತ, ಸಂಜೆಯ ಸಾರಿಗೆ ಏನು ಹಾಕಬೇಕೆಂಬ ಚಿಂತೆ, ಎಲ್ಲವೂ ಆ ಸದ್ದಿಲ್ಲದ ಮಾತಿನಲ್ಲೇ ನಡೆಯುತ್ತಿತ್ತು. ಕ್ರಷರು ಅವರಿಗೆ ಈ ವಿದ್ಯೆ ಕೊಟ್ಟಿತು, ಬದಲಿಗೆ ಕಿವಿ ಕಿತ್ತುಕೊಂಡಿತು. ಈಗ ಮೂವರಿಗೂ ಕಿವಿ ಅಷ್ಟಕ್ಕಷ್ಟೆ. ನಮ್ಮವ್ವನಿಗೆ ಪೂರಾ ಇಲ್ಲ.

ಆಮೇಲೆ ಪಕೀರಮ್ಮ ಕಂಪ್ಲಿ ಹತ್ತಿರದ ಎಮ್ಮಿಗನೂರಿಗೆ ಮಗ ಸೊಸೆಯ ಜೊತೆ ಹೋದಳು, ಬಸಕ್ಕ ಮರಿಯಮ್ಮನಹಳ್ಳಿಯಲ್ಲಿ ತಮ್ಮನ ಮನೆ ಸೇರಿದಳು. ಫೋನು ಕಿವಿಗಿಟ್ಟುಕೊಂಡು ಏನು ಮಾಡುವುದು? ಕಿವಿಗೆ ಹಾಕುವ ಮಷೀನು ತಂದುಕೊಟ್ಟರೆ ಅವ್ವ, "ಇದನ್ನ ಹಾಕ್ಕೊಂಡ್ರ ಮತ್ತ ಕ್ರಷರ್‌ದಾಗ ನಿಂತಂಗ ಆಕ್ಕೈತಿ" ಎಂದು ತೆಗೆದಿಟ್ಟಳು. ಮೊಬೈಲಿನಲ್ಲಿ ಮುಖ ತೋರಿಸೋಣವೆಂದರೆ ಉಳಿದಿಬ್ಬರ ಕಣ್ಣು ಚುರುಕು, ನಮ್ಮವ್ವನ ಕಣ್ಣಿಗೆ ಮಂಜು. ಅಷ್ಟು ಚಿಕ್ಕ ತುಟಿ ಕಾಣುವುದಿಲ್ಲ. ಬರಬರುತ್ತಾ ಅವಳು ಮನೆಯವರ ಜೊತೆ ಮಾತಾಡುವುದನ್ನೂ ಬಿಟ್ಟಳು. ಗೋಡೆಗೆ ಒರಗಿ ಕೂತಿರುವಾಗ ತುಟಿಗಳು ಮಾತ್ರ ಅಲುಗುತ್ತಿದ್ದವು, ಎದುರಿಗೆ ಯಾರೂ ಇರುತ್ತಿರಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಹೀಗೆ ದೊಡ್ಡ ಪರದೆಯ, ಕೈಗೆಟುಕುವ ಬೆಲೆಯ, ಹೇಳಿದ ಹೊತ್ತಿಗೆ ಕೈಕೊಡದ ಒಂದು ಕಂಪ್ಯೂಟರನ್ನು ಹುಡುಕುತ್ತಾ ತಾಯಿ ಮಗಳು ಹೊಸಪೇಟೆಗೆ ಹೊರಟೆವು.

ತಮ್ಮ ಕುಲಬಾಂಧವರ ವೈಭವವನ್ನು ಅಂದು ಕಣ್ಣಾರೆ ಕಂಡೆವು. ಒಂದು ಅಂಗಡಿಯಲ್ಲಿ ಒಳಗೆಲ್ಲ ಕೆಂಪು ನೀಲಿ ದೀಪ ಉರಿಯುವ ಪೆಟ್ಟಿಗೆಯನ್ನು ತೋರಿಸಿ, ಇದರಲ್ಲಿ ಯುದ್ಧದ ಆಟ ತಡವರಿಸದೆ ಓಡುತ್ತದೆಂದು ನಮ್ಮವ್ವನಿಗೆ ವಿವರಿಸಿದರು. ಇನ್ನೊಂದರಲ್ಲಿ, ಅವ್ವನಿಗೆ ಕಿವಿ ಕೇಳುವುದಿಲ್ಲವೆಂದು ನಾನು ಹೇಳಿ ಮುಗಿಸುವುದರೊಳಗೆ, ಹಾಗಾದರೆ ದೊಡ್ಡ ಸ್ಪೀಕರ್ ಉಚಿತವಾಗಿ ಕೊಡುತ್ತೇವೆಂದರು. ಕ್ಯಾಮೆರಾದ ಪರೀಕ್ಷೆಯನ್ನು ಅವ್ವನೇ ಮಾಡಿದಳು. ನಾನು ಕ್ಯಾಮೆರಾದ ಮುಂದೆ ನಿಂತು ದನಿಯಿಲ್ಲದೆ ಏನಾದರೂ ಹೇಳಬೇಕು, ಅವಳು ನನಗೆ ಬೆನ್ನು ಹಾಕಿ ಪರದೆಯಲ್ಲಿ ಓದಬೇಕು. "ತುಟಿ ಎಲ್ಲಿ ಐತಿ ಇದರಾಗ? ಅಂಬಲಿ ಕಲಸಿದಂಗ ಕಾಣ್ತೈತಿ" ಎಂದು ನಾಲ್ಕಾರು ಪೆಟ್ಟಿಗೆಗಳನ್ನು ತಳ್ಳಿಹಾಕಿದಳು.

ಅದಾದರೂ ನ್ಯಾಯ. ಆದರೆ ಒಂದು ಕಡೆ ಚಿತ್ರವೂ ಸ್ವಚ್ಛ, ಬೆಲೆಯೂ ಹಿತ, ಎಲ್ಲ ಕೂಡಿಬಂದಿತ್ತು. ಆಗ ಅವ್ವ ಎದ್ದು ಹೊರಟುಬಿಟ್ಟಳು. ಕಾರಣ, ಮಾಲೀಕರ ಮೀಸೆ. "ಮೀಸಿ ಇದ್ದೋರು ಏನಂತಾರ ನನಗ ಕಾಣಂಗಿಲ್ಲ. ಕಾಣದ ಮಾತ ಹೆಂಗ ನಂಬ್ಲಿ?" ಎಂದಳು. ಕಂಪ್ಯೂಟರ್ ಆರಿಸುವಾಗ ಪ್ರೊಸೆಸರ್ ನೋಡಬೇಕು, ಮೆಮೊರಿ ನೋಡಬೇಕು, ವಾರಂಟಿ ನೋಡಬೇಕೆಂದು ಮೊಬೈಲಿನಲ್ಲಿ ರಾಶಿ ರಾಶಿ ಓದಿಕೊಂಡು ಹೋಗಿದ್ದ ನಾನು, ಹೊಸಪೇಟೆಯಂಥ ಊರಿನಲ್ಲಿ ಮೀಸೆಯಿಲ್ಲದ ಗಂಡಸನ್ನು ಹುಡುಕುತ್ತಾ ಬಿಸಿಲಲ್ಲಿ ಅಲೆದೆ.

ಕೊನೆಗೆ ಸಿಕ್ಕವರು ತಿಪ್ಪೇಶ್. ಅವರು ಆ ವಾರವಷ್ಟೇ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದಿದ್ದರಿಂದ ತಲೆ, ಗಡ್ಡ, ಮೀಸೆ ಮೂರೂ ನುಣ್ಣಗಿದ್ದವು. ಅವ್ವನ ಮುಖ ಅರಳಿತು. "ಹೊಸಾದು ಬ್ಯಾಡ್ರಿ ಅಮ್ಮ. ಆಫೀಸಿನ್ಯಾಗ ದುಡಿದಿದ್ದು ಒಂದು ಐತಿ, ಭಾಳ ಗಟ್ಟಿ. ಉಳಿದ ರೊಕ್ಕದಾಗ ಪರದಿ ದೊಡ್ಡದು ತಗೊಳ್ರಿ, ಕ್ಯಾಮೆರಾ ಚಲೋದು ತಗೊಳ್ರಿ" ಎಂದು ತಮ್ಮನ್ನು ಮೂಲೆಯಿಂದ ಎತ್ತಿ ತಂದು ಧೂಳು ಒರೆಸಿದರು. ಆಮೇಲೆ ತಿಪ್ಪೇಶರೇ ಕ್ಯಾಮೆರಾದ ಮುಂದೆ ನಿಂತು ಸದ್ದಿಲ್ಲದೆ ತುಟಿ ಆಡಿಸಿದರು. ಪರದೆ ನೋಡುತ್ತಿದ್ದ ಅವ್ವ, "ನಮ್ದು ಊಟ ಆಗೈತ್ರಿ, ನಿಮ್ದು?" ಎಂದಳು. ವ್ಯಾಪಾರ ಮುಗಿಯಿತು.

ತಮ್ಮ ಸದ್ಗುಣಗಳನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಅದಿರು ಲಾರಿಗಳ ಕೆಂಪು ಧೂಳು ಮನೆಯೊಳಗೆಲ್ಲ ಕೂತರೂ ತಾವು ಸೀನಿದವರಲ್ಲ. ಪರದೆ ಕಪ್ಪಗಾದಾಗ, ಅದು ಮಲಗಿದೆಯೆಂದು ನಾನು ಅವ್ವನಿಗೆ ಹೇಳಿದ್ದೇ ತಪ್ಪಾಯಿತು. ಅವಳು ತಾನೇ ಹೊಲಿದ ಕೌದಿಯನ್ನು ತಮಗೆ ಹೊದಿಸಿ, ಮೊಮ್ಮಗನಿಗೆ ಹತ್ತಿರ ಓಡಾಡಬೇಡವೆಂದು ಗದರಿಸಿದಳು. ಆ ಕೌದಿಯೊಳಗೆ ಬೆಂದು ಕಾದ ಹಂಚಿನಂತಾಗಿಯೂ ತಾವು ಬದುಕಿದಿರಿ. ಹಾಗೆ ಕಾದ ತಮ್ಮನ್ನು ಪರೀಕ್ಷಿಸಲು ಬಂದ ತಿಪ್ಪೇಶರಿಗೆ ಅಷ್ಟರಲ್ಲಿ ಮೀಸೆ ಬೆಳೆದಿತ್ತಾದ್ದರಿಂದ, ಅವ್ವ ಅವರ ಜೊತೆ ಮಾತಾಡದೆ ಒಳಗೆ ಹೋದಳೆಂಬುದು ಬೇರೆ ವಿಷಯ.

ಇಷ್ಟೆಲ್ಲ ಇದ್ದೂ ತಮ್ಮಲ್ಲೊಂದು ದುರಭ್ಯಾಸವಿದೆಯೆಂದು ಬಹು ಸಂಕೋಚದಿಂದ ಅರಿಕೆ ಮಾಡಿಕೊಳ್ಳುತ್ತೇನೆ. ಮೂವರೂ ಒಟ್ಟಿಗೆ ಪರದೆಗೆ ಬಂದಾಗ, ಮಾತಾಡುವವರು ಯಾರೆಂದು ತಾವೇ ತೀರ್ಮಾನಿಸಿ ಅವರ ಮುಖವನ್ನು ಪರದೆ ತುಂಬ ಹಿಗ್ಗಿಸಿ, ಉಳಿದವರನ್ನು ಮೂಲೆಗೆ ತಳ್ಳುತ್ತೀರಿ. ತಮ್ಮ ಪ್ರಕಾರ ಸದ್ದು ಮಾಡುವವರೇ ಮಾತಾಡುವವರು. ಈ ಸಿದ್ಧಾಂತವನ್ನು ತಾವು ಸಭೆ, ಮೆರವಣಿಗೆ, ಟಿವಿ ಚರ್ಚೆಗಳನ್ನು ನೋಡಿ ಕಲಿತಿರಬಹುದು. ನಾಡಿನಲ್ಲೆಲ್ಲ ನಡೆಯುತ್ತಿರುವುದೂ ಅದೇ ಆಗಿರುವುದರಿಂದ ತಮ್ಮೊಬ್ಬರನ್ನೇ ದೂರುವುದು ಸರಿಯಲ್ಲ. ಆದರೆ ನಮ್ಮ ಮೂವರು ಹೆಂಗಸರು ಸದ್ದು ಮಾಡುವುದೇ ಇಲ್ಲ. ಬಸಕ್ಕನ ಮನೆ ಹೆದ್ದಾರಿಗೆ ಅಂಟಿಕೊಂಡಿದೆ. ಲಾರಿಯೊಂದು ಹಾರ್ನ್ ಹೊಡೆದರೆ ಸಾಕು, ಸುಮ್ಮನೆ ಎಲೆಅಡಿಕೆ ಜಗಿಯುತ್ತಾ ಕೂತ ಬಸಕ್ಕನನ್ನು ತಾವು ಬಾಗಿಲಗಲ ಮಾಡಿ ತೋರಿಸುತ್ತೀರಿ. ಪಕೀರಮ್ಮನ ಹಿತ್ತಲಿನ ಎಮ್ಮೆ ಕೂಗಿದರೆ ಪಕೀರಮ್ಮ ದೊಡ್ಡವಳು. ನಮ್ಮ ಮನೆಯ ಕುಕ್ಕರ್ ಸೀಟಿ ಹೊಡೆದರೆ ಅವರ ಮೊಬೈಲಿನಲ್ಲಿ ನಮ್ಮವ್ವ ದೊಡ್ಡವಳು. ಎಲ್ಲರನ್ನೂ ಸಮನಾಗಿ ತೋರಿಸುವ ಬಟನ್ ಒತ್ತಿದೆ, ಅವ್ವನ ಕಣ್ಣಿಗೆ ಆ ಅಳತೆಯ ತುಟಿ ಸಾಲಲಿಲ್ಲ. ಒಬ್ಬರನ್ನೇ ದೊಡ್ಡದಾಗಿ ನಿಲ್ಲಿಸುವ ಬಟನ್ ಒತ್ತಿದೆ, ಇನ್ನೊಬ್ಬರು ಮುನಿಸಿಕೊಂಡರು. "ಈ ಮಷೀನ್ ಬಸಕ್ಕನ ಕಡಿ ಐತಿ" ಎಂದು ಅವ್ವ ತೀರ್ಪು ಕೊಟ್ಟಳು.

ಇಷ್ಟಾಗಿದ್ದರೆ ನಗುತ್ತಲೇ ಇರಬಹುದಿತ್ತು. ಒಂದು ಸಂಜೆ ಪಕೀರಮ್ಮ ಏನೋ ಹೇಳುತ್ತಿದ್ದಳಂತೆ. ಅದೇ ಹೊತ್ತಿಗೆ ಲಾರಿಗಳ ಸಾಲು ಬಂದು, ತಾವು ಯಥಾಪ್ರಕಾರ ಬಸಕ್ಕನನ್ನು ಹಿಗ್ಗಿಸಿದಿರಿ. ಬಸಕ್ಕ ಮೂತಿ ತಿರುವಿ ಲಾರಿಯವರನ್ನು ಅಣಕಿಸಿದಳು, ಅವ್ವ ಹೊಟ್ಟೆ ಹಿಡಿದು ನಕ್ಕಳು. ಪಕೀರಮ್ಮ ಫೋನು ಇಟ್ಟವಳು ಆಮೇಲೆ ಕರೆದರೂ ಬರಲಿಲ್ಲ. ನಾನು ಅವಳ ಸೊಸೆ ಹೇಮಾವತಿಗೆ ಫೋನು ಮಾಡಿದರೆ, "ನಿಮ್ಮವ್ವ ನಕ್ಕಳಂತ್ರಿ, ಅದಕ್ಕ ಅತ್ತಿಗೆ ಸಿಟ್ಟು. ಯಾತಕ್ಕ ನಕ್ಕಳೋ ಅದನ್ನ ಹೇಳವಲ್ಲಳು" ಎಂದಳು. ಅವ್ವ ಮತ್ತೆ ಗೋಡೆಗೆ ಒರಗಿ ಕೂತಳು. ಈ ಸಲ ತುಟಿಗಳೂ ಅಲುಗಲಿಲ್ಲ. ತಮ್ಮನ್ನು ಎತ್ತಿ ಬೀದಿಗೆ ಎಸೆಯಬೇಕೆನ್ನಿಸುವಷ್ಟು ಸಿಟ್ಟು ನನಗೆ ಬಂದಿತ್ತು, ಮುಚ್ಚಿಡುವುದಿಲ್ಲ.

ಹೇಮಾವತಿ ಪುಸಲಾಯಿಸಿ, ಅತ್ತೆ ಉಣ್ಣುತ್ತಿರುವಾಗಲೇ ಒಂದು ದಿನ ಎದುರಿಗೆ ಮೊಬೈಲ್ ಇಟ್ಟು ಕೂರಿಸಿದಳು. ಪಕೀರಮ್ಮ ಒಂದು ಮಾತು ಆಡಿದಳು, ಎರಡು ಆಡಿದಳು. ತಾವು ಎಂದಿನಂತೆ ಹೆದ್ದಾರಿಯ ಸೇವೆಯಲ್ಲಿ ತೊಡಗಿದ್ದಿರಿ. ಆಗ ಅವಳು ಕೈಯಲ್ಲಿದ್ದ ಸ್ಟೀಲ್ ತಟ್ಟೆಯನ್ನು ನೆಲಕ್ಕೆ ಅಪ್ಪಳಿಸಿದಳು. ಆ ಸದ್ದಿಗೆ ತಾವು ಬೆಚ್ಚಿ, ಆ ಸಂಜೆ ಮೊದಲ ಬಾರಿಗೆ ಪಕೀರಮ್ಮನನ್ನು ಪರದೆ ತುಂಬ ತೋರಿಸಿದಿರಿ. ಅವಳ ತುಟಿಯಲ್ಲಿ ಇದ್ದ ಮಾತನ್ನು ಅವ್ವ ಆಮೇಲೆ ನನಗೆ ಹೇಳಿದಳು: "ಕಂಪ್ಲಿ ಡಾಕ್ಟರು ಹೊಟ್ಟಿ ಕೊಯ್ಬೇಕು ಅಂದಾರ. ನನಗ ಅಂಜಿಕಿ ಆಗೈತಿ, ಬಾ ಅಂದ್ರ ನಗ್ತೀಯಲ್ಲಲೇ ಉಚ್ಚೆಂಗಿ." ಅವ್ವ ಎದೆ ಬಡಿದುಕೊಂಡು ಅತ್ತಳು. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು, ಪಕೀರಮ್ಮನ ಆಪರೇಷನ್ ಮುಗಿದು ಅವಳು ಎದ್ದು ಓಡಾಡುವವರೆಗೂ ಎಮ್ಮಿಗನೂರಿನಲ್ಲೇ ಉಳಿದಳು. ಈಗ ಪಕೀರಮ್ಮ ಆರಾಮಾಗಿದ್ದಾಳೆ. ತಾವು ಆತಂಕಪಟ್ಟಿದ್ದರೆ ಇರಲೆಂದು ತಿಳಿಸಿದೆ.

ಆದರೆ ಆ ತಟ್ಟೆಯಿಂದ ಮೂವರೂ ತಮ್ಮ ಗುಟ್ಟನ್ನು ಕಂಡುಕೊಂಡುಬಿಟ್ಟರು. ಈಗ ಯಾರಿಗೆ ಮಾತಾಡಬೇಕೋ ಅವರು ಮೊದಲು ಸೌಟಿನಿಂದ ತಟ್ಟೆ ಬಾರಿಸುತ್ತಾರೆ. ತಾವು ವಿಧೇಯರಾಗಿ ಅವರನ್ನು ದೊಡ್ಡದು ಮಾಡುತ್ತೀರಿ. ಜಗಳ ಬಂದರೆ ಮೂವರೂ ಒಟ್ಟಿಗೆ ಬಾರಿಸುತ್ತಾರೆ. ಬಾರಿಸುವವರಿಗೆ ಅದು ಕೇಳುವುದಿಲ್ಲ, ಕೇಳುವುದು ನಮಗೆ. ಮೊದಲ ದಿನ ಪಕ್ಕದ ಮನೆಯ ಗಾಳೆಪ್ಪನವರು ಕೋಲು ಹಿಡಿದು, "ಟೀಚರಮ್ಮ, ಮಂಗ್ಯಾ ಬಂದಾವೇನ್ರಿ?" ಎಂದು ಓಡಿಬಂದರು. ಪ್ರಪಂಚದಲ್ಲೇ ಅತ್ಯಂತ ಸದ್ದಿಲ್ಲದ ಮಾತುಕತೆ ತಮ್ಮ ಕೃಪೆಯಿಂದ ನಮ್ಮ ಓಣಿಯ ಅತಿ ದೊಡ್ಡ ಗದ್ದಲವಾಗಿದೆ. ನನ್ನ ಮನೆಯಲ್ಲಿ ಉಣ್ಣಲು ಈಗ ಸೊಟ್ಟಗಾಗದ ತಟ್ಟೆ ಒಂದೂ ಇಲ್ಲ.

ಆದಕಾರಣ ತಾವು ದಯಮಾಡಿ, ತುಟಿ ಅಲುಗಿದರೂ ಅದನ್ನು ಮಾತೆಂದು ಒಪ್ಪುವ ದೊಡ್ಡ ಮನಸ್ಸು ಮಾಡಬೇಕು. ಅದು ತಮ್ಮ ಘನತೆಗೆ ಕುಂದೆನ್ನಿಸಿದರೆ, ಸಂಜೆ ಹೊತ್ತು ಮರಿಯಮ್ಮನಹಳ್ಳಿಯ ಮೇಲೆ ಹೋಗುವ ಲಾರಿಗಳೆಲ್ಲ ಚಪ್ಪಲಿ ಬಿಟ್ಟು ಮೆಲ್ಲಗೆ ನಡೆದುಹೋಗುವಂತೆಯೂ, ಎಮ್ಮಿಗನೂರಿನ ಎಮ್ಮೆ ಕರುವನ್ನು ಸನ್ನೆಯಿಂದ ಕರೆಯುವಂತೆಯೂ ಏರ್ಪಾಡು ಮಾಡಿಸಬೇಕು. ಎರಡೂ ಆಗದಿದ್ದರೆ ನನಗೂ ಕಿವಿ ಕೇಳಿಸದಂತೆ ಮಾಡಿಕೊಡಬೇಕು. ಕೊನೆಯದನ್ನು ಬರೀ ತಮಾಷೆಗೆ ಬರೆದಿಲ್ಲ. ನಿನ್ನೆ ಮೂವರೂ ಏನೋ ಆಡಿಕೊಂಡು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ನಾನು ಅಡುಗೆ ಬಿಟ್ಟು ಓಡಿಬಂದು ಅವ್ವನ ಎದುರು ನಿಂತು, "ಏನಂದ್ಲು? ನನಗೂ ಹೇಳಬೇ" ಎಂದು ಕೇಳಿದೆ. ಅವ್ವ ನನ್ನ ತುಟಿ ಓದಿ, ಮತ್ತೆ ಪರದೆಗೇ ಕಣ್ಣು ನೆಟ್ಟು, "ನಿನಗ ಕೇಳಂಗಿಲ್ಲ, ಬಿಡು" ಎಂದು ಕೈಯಾಡಿಸಿದಳು. ಅವಳು ಅಷ್ಟು ನಕ್ಕಿದ್ದನ್ನು ನಾನು ನೋಡಿ ಎಷ್ಟೋ ವರ್ಷವಾಗಿತ್ತು. ಸಂತೋಷದ ಜೊತೆಗೇ ಹೊಟ್ಟೆಕಿಚ್ಚೂ ಆಯಿತು.

ಎರಡು ಕಿವಿ ನೆಟ್ಟಗಿದ್ದೂ ಸ್ವಂತ ಮನೆಯಲ್ಲಿ ಏನೂ ಕೇಳಿಸದ,
ತಮ್ಮ ವಿಶ್ವಾಸಿ,
ಸುಕನ್ಯಾ

ತಾ.ಕ.: ಕೇಳಿದ ಮಾತನ್ನೆಲ್ಲ ಅಕ್ಷರವಾಗಿ ಬರೆದು ತೋರಿಸುವ ವಿದ್ಯೆಯೂ ತಮಗೆ ಗೊತ್ತೆಂದು ತಿಳಿದು, ಇಂದು ಸಂಜೆ ಆ ಬಟನ್ ಒತ್ತಿ ನೋಡಿದೆ. ಮೂವರೂ ತಟ್ಟೆ ಪಕ್ಕಕ್ಕಿಟ್ಟು, ಎದ್ದು ಕೂತು, ಕೈ ಬೀಸಿ, ಜಗಳಾಡಿ, ರಾಜಿಯಾಗಿ, ಹೊತ್ತು ಮುಳುಗುವ ತನಕ ಮಾತಾಡಿದ ಮೇಲೆ ತಾವು ಕೆಳಗೆ ಬರೆದಿದ್ದು ಒಂದೇ ಸಾಲು: "ಯಾರೂ ಮಾತನಾಡುತ್ತಿಲ್ಲ." ಅವ್ವನಿಗೆ ಅದನ್ನು ತುಟಿಯಲ್ಲಿ ಓದಿ ಹೇಳಿದೆ. "ಹಂಗ ತಿಳಕೊಂಡಿರಲಿ ಬಿಡು. ಕ್ರಷರ್ ಮೇಸ್ತ್ರಿನೂ ಸಾಯೋಮಟ ಹಂಗ ತಿಳಕೊಂಡಿದ್ದ" ಎಂದಳು.