ಮಾವನ ಝೀರೋ ಟ್ರಸ್ಟು

ನಮ್ಮ ಸೋದರಮಾವ ಈ ಭೂಮಿಯ ಮೇಲೆ ಯಾರನ್ನೂ ನಂಬುತ್ತಿರಲಿಲ್ಲ. ಸುಳ್ಳಲ್ಲ! ಮೂವತ್ತು ವರ್ಷ ಸಂಸಾರ ಮಾಡಿದ ಅತ್ತೆ ಮುಂಬಯಿ ಹತ್ತಿರದ ಡೊಂಬಿವಲಿಯ ಮನೆಯ ಬಾಗಿಲು ತಟ್ಟಿ "ನಾನು ಮಾರಾಯ್ರೆ" ಎಂದರೆ, ಒಳಗಿನಿಂದ "ನಾನು ಅಂದ್ರೆ ಯಾರು? ಹೆಸರು ಹೇಳು!" ಎನ್ನುತ್ತಿದ್ದರು.

ದೀಪಾವಳಿಯ ತಿಂಡಿ ಡಬ್ಬಗಳಿಗೆ ಇರುವೆ ಬಾರದಂತೆ ಅತ್ತೆ ಒಂದೇ ದೊಡ್ಡ ತಟ್ಟೆಯಲ್ಲಿ ನೀರಿಟ್ಟರೆ ಮಾವನಿಗೆ ಸಮಾಧಾನವಿಲ್ಲ. ಚಕ್ಕುಲಿಗೊಂದು, ಲಾಡಿಗೊಂದು, ಚೂಡಾಕ್ಕೊಂದು ಬೇರೆ ಬೇರೆ ತಟ್ಟೆ! "ಒಂದು ಇರುವೆ ಹೇಗೋ ದಾಟಿತು ಅಂತ ಇಟ್ಕೊ. ಚಕ್ಕುಲಿ ಮಾತ್ರ ಹೋಗ್ತದೆ, ಲಾಡು ಉಳೀತದೆ." ಅಡುಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲದೆ ಅತ್ತೆ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದರು.

ಅವರ ಕೆಲಸವೂ ಇಂಥದ್ದೇ. ಕಳಂಬೋಲಿಯ ಕಬ್ಬಿಣದ ವ್ಯಾಪಾರಿಯೊಬ್ಬರ ಆಫೀಸಿನಲ್ಲಿ ಕಂಪ್ಯೂಟರುಗಳ ಕಾವಲು. ಎರಡು ಸಾವಿರದ ಹದಿನಾರರ ಸುಮಾರಿಗೆ ಸೋದರ ಸೊಸೆಯಾದ ನನ್ನನ್ನೂ ಅಲ್ಲಿಗೆ ಸೇರಿಸಿದರು. ದಿನಾ ಒಂದೇ ಬಸ್ಸು, ಒಂದೇ ಕಂಡಕ್ಟರು. ಪರಿಚಯದ ಮುಖವೆಂದು ಅವನು ಪಾಸು ನೋಡದೆ ಮುಂದೆ ಹೋದರೆ ಮಾವನೇ ಕರೆದು ಜಗಳಕ್ಕೆ ನಿಲ್ಲುತ್ತಿದ್ದರು! "ಕಲ್ ಥಾ, ಆಜ್ ಹೈ ಕ್ಯಾ? ದೇಖೋ ನ ಭಾವು!" ನಿನ್ನೆ ಇದ್ದ ಪಾಸು ಇವತ್ತೂ ಇದೆಯೋ ಎಂದು ನೋಡಬೇಡವೇ ಎಂಬುದು ಅವರ ವಾದ. ಇಡೀ ಬಸ್ಸು ನಗುತ್ತಿತ್ತು, ನಾನು ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದೆ.

ಆಫೀಸಿನಲ್ಲಿ ಒಂದು ಕಂಪ್ಯೂಟರಿಗೆ ಪಕ್ಕದ ಮೇಜಿನ ಕಂಪ್ಯೂಟರಿನ ಜೊತೆ ಮಾತಾಡಲೂ ಅನುಮತಿಯಿರಲಿಲ್ಲ. ಯಾರನ್ನೂ ನಂಬದ ಈ ಪದ್ಧತಿಗೆ ಕಂಪ್ಯೂಟರಿನವರು ಝೀರೋ ಟ್ರಸ್ಟು ಎನ್ನುತ್ತಾರೆ. ಮಾಲೀಕರೂ ದಿನಕ್ಕೆ ನಾಲ್ಕು ಸಲ ಪಾಸ್‌ವರ್ಡ್ ಒತ್ತಬೇಕು. "ಅರೇ, ಮೈ ಮಾಲಿಕ್ ಹೂಂ!" ಎಂದು ಅವರು ಕೂಗಿದರೆ, "ಮಾಲಿಕ್ ಕೋ ತೋ ಪಾಸ್‌ವರ್ಡ್ ಮಾಲೂಮ್ ಹೋಗಾ, ಸೇಠ್" ಎಂದು ಇವರು, ಮಾಲೀಕರಾದರೆ ಅದು ಗೊತ್ತಿರಲೇಬೇಕಲ್ಲ ಎಂಬಂತೆ, ತಣ್ಣಗೆ ಉತ್ತರಿಸುತ್ತಿದ್ದರು. ಇಂಥವರನ್ನು ಯಾರು ತಾನೇ ಸಹಿಸಿಯಾರು?

ನನ್ನ ಕೆಲಸ ಕಾಯಂ ಆಗಲು ಇನ್ನು ಹತ್ತು ದಿನವಿತ್ತು. ಅಪ್ಪ ಹಾಸಿಗೆ ಹಿಡಿದಿದ್ದರು. ಮನೆ ನಡೆಯುತ್ತಿದ್ದುದು ನನ್ನ ಸಂಬಳದಿಂದ. ಅಂದು ಲಾರಿಯ ಬಿಲ್ಲೆಂದು ಬಂದ ಮೇಲ್ ಒಂದನ್ನು ತೆರೆದೆ. ಪರದೆ ಕೆಂಪಾಯಿತು, ಫೈಲುಗಳಿಗೆಲ್ಲ ಬೀಗ ಬಿತ್ತು! ಮಾವ ಓಡಿ ಬಂದು ಕೇಬಲ್ ಕಿತ್ತರು. ಒಂದೊಂದೇ ಕಂಪ್ಯೂಟರ್ ಪರೀಕ್ಷಿಸಿದರು. ಕೆಟ್ಟದ್ದು ನನ್ನದೊಂದೇ. ಪಕ್ಕದ ಮೇಜಿಗೆ ದಾಟಲು ವೈರಸ್ಸಿಗೆ ದಾರಿಯೇ ಇರಲಿಲ್ಲ, ಉಳಿದೆಲ್ಲವೂ ಕ್ಷೇಮ.

"ಕೌನ್ ಖೋಲಾ? ನಿಕಾಲೋ ಉಸ್ಕೋ!" ಎಂದು, ತೆರೆದವರನ್ನು ಕೆಲಸದಿಂದ ಕಿತ್ತೊಗೆಯಲು ಸೇಠರು ಗುಡುಗಿದರು.

ಮಾವ ನನಗೆ ಅಡ್ಡವಾಗಿ ನಿಂತರು. "ಸೇಠ್, ಚಿಟ್ಠೀ ಆಯೇಗೀ ತೋ ಆದ್ಮೀ ಖೋಲೇಗಾ ಹೀ. ರೋಕ್ನಾ ಮೇರಾ ಕಾಮ್ ಥಾ, ರೋಕ್ ದಿಯಾ. ನಿಕಾಲ್ನಾ ಹೈ ತೋ ಮುಝೇ ನಿಕಾಲೋ." ಕಾಗದ ಬಂದರೆ ಮನುಷ್ಯ ತೆರೆದೇ ತೆರೆಯುತ್ತಾನೆ, ತಡೆಯುವುದು ತನ್ನ ಕೆಲಸ, ತಡೆದಾಗಿದೆ, ತೆಗೆಯುವುದಾದರೆ ತನ್ನನ್ನೇ ತೆಗೆಯಲಿ ಎಂದುಬಿಟ್ಟರು!

ಸೇಠರು ಗೊಣಗುತ್ತ ಒಳಗೆ ಹೋದರು. ನನ್ನ ಕೆಲಸ ಉಳಿಯಿತು.

ಸಂಜೆ ಬಸ್ಸಿನಲ್ಲಿ ಕೇಳಿದೆ, "ಮಾವ, ನೀವು ನನ್ನನ್ನೂ ನಂಬಿರ್ಲಿಲ್ಲ, ಅಲ್ವಾ?"

"ನಂಬಿಕೆ ಇಲ್ಲ ಅಂತ ಕಂಪ್ಯೂಟರುಗಳ ಮಧ್ಯೆ ಗೋಡೆ ಕಟ್ಟಿದ್ದು ಅಂತ ಎಣಿಸಿದ್ಯಾ ಮಾರಾಯ್ತಿ? ತಪ್ಪು ಯಾರಿಂದಲೂ ಆಗ್ತದೆ. ಇಡೀ ಆಫೀಸು ಮುಳುಗಿದ ಪಾಪ ಒಬ್ಳ ತಲೆ ಮೇಲೆ ಬೀಳ್ಬಾರ್ದು, ಅಷ್ಟೇ."

ನನಗೆ ಅಳು ತಡೆಯಲಾಗಲಿಲ್ಲ. ಮಾವ ಕರವಸ್ತ್ರ ಕೊಟ್ಟರು. ಈಗ ಅವರಿಲ್ಲ. ಆ ಅನುಮಾನದ ಮನುಷ್ಯನ ಪಕ್ಕದಲ್ಲಿ ಕೂತಾಗ ಇರುತ್ತಿದ್ದಷ್ಟು ಧೈರ್ಯ ನನಗೆ ಆಮೇಲೆ ಎಲ್ಲಿಯೂ ಬಂದಿಲ್ಲ.